ಚಕ್ಕುಲಿ ಕಟ್ಟೆ

ಹಿತ್ತಿಲಿನ ಆ ಚಕ್ಕುಲಿ ಕಟ್ಟೆ ಯಾರು ಕಟ್ಟಿದ್ದು ಅಂತ ಕೇಳಿದಿರಲ್ಲ, ಹೇಳುತ್ತೇನೆ. ಒಲೆ ಹತ್ತಿರವೇ ಕೂತಿರಿ, ಮಳೆ ಹೇಗೂ ಈಗ ಬಿಡುವ ಹಾಗಿಲ್ಲ.

2017ರ ಕೊನೆಗೆ ಹೈದರಾಬಾದಿನಲ್ಲಿ ಪರ್ಮಾಕಲ್ಚರ್‌ನವರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಪುಸ್ತಕ ಬರೆದು ಹುಟ್ಟುಹಾಕಿದ ಕೃಷಿ ಪದ್ಧತಿ ಅದು. ನಮ್ಮ ಚಿಕ್ಕಪ್ಪ ಅಲ್ಲಿಗೆ ಹೋಗಿಬಂದವನೇ, ಮಾಲಿಸನ್ ಹೇಳಿಕೊಟ್ಟ ಸುರುಳಿ ಮಡಿಯ ಚಿತ್ರವೊಂದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ. ಯುರೋಪಿನ ಕಡೆಯವರು ಯಾರೋ ಬರೆದ ಚಿತ್ರ. ನಡುವೆ ಸೊಂಟದೆತ್ತರದ ದಿಬ್ಬ, ಅಲ್ಲಿಂದ ಸುತ್ತುತ್ತ ಇಳಿಯುವ ಮಡಿ, ಬುಡದಲ್ಲಿ ಪುಟ್ಟ ನೀರಿನ ಗುಂಡಿ. ಮೇಲೆ ಬಿದ್ದ ನೀರು ಕೆಳಕ್ಕೆ ಬಸಿಯುವುದರಿಂದ ತುದಿ ಒಣ, ಬುಡ ತೇವ. ಗುಡ್ಡದ ಗಿಡಕ್ಕೂ ಹಳ್ಳದಂಚಿನ ಗಿಡಕ್ಕೂ ಆರಡಿ ಅಗಲದೊಳಗೇ ಜಾಗ.

"ಇದೆಂತದೋ, ಚಕ್ಕುಲಿ ಬರೆದು ಅಂಟಿಸಿದ್ದೀಯ?" ಎಂದಳು ಅಜ್ಜಿ. ಕಟ್ಟುವ ಮೊದಲೇ ಹೆಸರು ಬಿದ್ದುಹೋಯಿತು.

ಮುಂದಿನ ಮೇ ತಿಂಗಳಲ್ಲಿ ಕೆಲಸ ಹಿಡಿದೆವು. ಮೊದಲ ತಕರಾರೇ ಗೀಟು ಎಳೆಯುವುದು. ಚಿಕ್ಕಪ್ಪ ಸುಣ್ಣ ಚೆಲ್ಲಿ ಬರೆದದ್ದೆಲ್ಲ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಸೊಟ್ಟಗಾಯಿತು. ಜಗಲಿಯಲ್ಲಿ ಕೂತು ಕವಳ ಹಾಕುತ್ತಿದ್ದ ನಮ್ಮ ಕೊನೆಗಾರ ಎದ್ದು ಬಂದ. ಸುಮಾರು ಅರ್ಧ ಗೇಣು ದಪ್ಪದ ಅಡಿಕೆ ಮರದ ತುಂಡೊಂದನ್ನು ನಡುವೆ ಹುಗಿದು, ಮೂರಡಿ ಹಗ್ಗ ಬಿಗಿದು, ಹಗ್ಗದ ತುದಿಗೆ ಚೂಪು ಕೋಲು ಕಟ್ಟಿದ. ಹಗ್ಗ ಸಡಿಲಾಗದಂತೆ ಎಳೆದುಕೊಂಡು ಸುಮ್ಮನೆ ಸುತ್ತು ಬಂದ, ಅಷ್ಟೇ. ಒಂದೊಂದು ಸುತ್ತಿಗೂ ಹಗ್ಗ ತುಂಡಿಗೆ ಸುತ್ತಿಕೊಳ್ಳುತ್ತ, ಅದರ ಸುತ್ತಳತೆಯಷ್ಟೇ, ಅಂದರೆ ಸುಮಾರು ಒಂದೂಕಾಲು ಅಡಿ, ಗಿಡ್ಡವಾಗುತ್ತ ಹೋಯಿತು. ಎರಡು ಸುತ್ತು ಮುಗಿದು ಮೂರನೆಯದು ಅರ್ಧವಾಗುವುದರೊಳಗೆ ಕೋಲು ನಡುವಿಗೆ ಬಂದು ಮುಟ್ಟಿತ್ತು. ನೆಲದ ಮೇಲೆ ಎಲ್ಲಿಯೂ ಸೊಟ್ಟವಿಲ್ಲದ ಸುರುಳಿ.

ಕಲ್ಲಿಗೆ ಹುಡುಕಾಟವಿರಲಿಲ್ಲ, ಮನೆ ಕಟ್ಟಿ ಉಳಿದ ಜಂಬಿಟ್ಟಿಗೆ ಒಡಕು ರಾಶಿ ಬಿದ್ದಿತ್ತು. ಸಿಮೆಂಟು ಬೇಡವೆಂದು ಒಂದರ ಮೇಲೊಂದು ಒಣಕಲ್ಲನ್ನೇ ಪೇರಿಸಿದೆವು. ಹೊಟ್ಟೆಗೆ ಕಲ್ಲುಚೂರು, ಮೇಲೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ.

ಗಿಡ ಹಾಕುವ ದಿನ ಶುರುವಾಯಿತು ನೋಡಿ ಜಗಳ. ಬಿಸಿಲು ಬೇಕಾದದ್ದು ದಕ್ಷಿಣಕ್ಕೆ, ನೆರಳಿನದು ಉತ್ತರಕ್ಕೆ ಅಂತ ಚಿತ್ರದಲ್ಲಿತ್ತು. ಚಿಕ್ಕಪ್ಪ ಒಂದೆಲಗದ ಬುಡ ಹಿಡಿದು ಉತ್ತರಕ್ಕೆ ಹೊರಟ.

"ಬೇಸಿಗೆಯಲ್ಲಿ ನಿನ್ನ ನೆರಳು ಯಾವ ಕಡೆ ಬೀಳ್ತದೆ ಅಂತ ಮಧ್ಯಾಹ್ನ ನಿಂತು ನೋಡಿದ್ದೀಯೇನೋ?" ಎಂದಳು ಅಜ್ಜಿ.

ಅವಳು ಹೇಳಿದ್ದು ಸರಿ. ನಮ್ಮಲ್ಲಿ ಏಪ್ರಿಲ್ ಕೊನೆಗೆ ನೆತ್ತಿ ದಾಟಿ ಉತ್ತರಕ್ಕೆ ಸರಿದ ಸೂರ್ಯ ಮತ್ತೆ ನೆತ್ತಿಗೆ ಬರುವುದು ಆಗಸ್ಟ್ ನಡುವಿಗೆ. ಆ ಚಳಿದೇಶದ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ನಮ್ಮ ಸಸಿಗಳನ್ನು ಬಾಡಿಸುವುದು ಮಧ್ಯಾಹ್ನ ಇಳಿದ ಮೇಲಿನ ಪಡುವಣ ಬಿಸಿಲು. ಅಜ್ಜಿ ಲೋಳೆಸರವನ್ನು ತುದಿಗೂ, ದೊಡ್ಡಪತ್ರೆ, ಕಾಮಕಸ್ತೂರಿಗಳನ್ನು ಪಡುವಣಕ್ಕೂ ಕೊಟ್ಟಳು. ಒಂದೆಲಗ ಮೂಡಣದ ಬುಡಕ್ಕೆ, ಬೆಳಗಿನ ಬಿಸಿಲು ಸಾಕು ಅದಕ್ಕೆ. ಬಜೆ ನೀರಿನ ಗುಂಡಿಯಂಚಿಗೆ. ಪುದೀನವನ್ನು ಮಾತ್ರ ತಳ ಒಡೆದ ಮಣ್ಣಿನ ಮಡಕೆಯೊಳಗೆ ನೆಟ್ಟು, ಮಡಕೆಯನ್ನೇ ಹುಗಿಸಿದಳು. ಬಿಟ್ಟರೆ ಬೇರು ಹರಿಸಿ ಇಡೀ ಮಡಿ ತನ್ನದು ಮಾಡಿಕೊಳ್ಳುವ ಗಿಡ ಅದು. ತುಳಸಿ ತರಲು ಹೋದ ಚಿಕ್ಕಪ್ಪನನ್ನು ಅಂಗಳದಲ್ಲೇ ತಡೆದಳು: "ಅದಕ್ಕೆ ಅದರದ್ದೇ ಕಟ್ಟೆ ಇದೆ, ಮುಟ್ಟಬೇಡ."

ಜೂನಿನ ಮೊದಲ ಜಡಿಮಳೆಗೆ ತುದಿಯ ಮಣ್ಣೆಲ್ಲ ಕೊಚ್ಚಿ ಗುಂಡಿಗೆ ಬಂತು. ಲೋಳೆಸರ ಬೇರು ಬಿಟ್ಟುಕೊಂಡು ಮಲಗಿತ್ತು. ಚಿತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ, ತೋಟದಲ್ಲಿತ್ತು. ಕೊನೆಗಾರ ಒಣ ಅಡಿಕೆ ಸೋಗೆ ತಂದು ಗಿಡದ ಬುಡಗಳ ನಡುವೆ ಹಾಸಿದ, ಹನಿಯ ಪೆಟ್ಟು ಮಣ್ಣಿಗೆ ತಾಗದ ಹಾಗೆ. ಆಮೇಲೆ ಕೆಳಗಿಳಿದದ್ದು ತಿಳಿನೀರು.

ಶ್ರಾವಣದ ಹೊತ್ತಿಗೆ ಒಂದೆಲಗ ಕಲ್ಲಿನ ಸಂದಿಗೆಲ್ಲ ಬೇರೂರಿತ್ತು. ಮಳೆಯಲ್ಲಿ ಹಳ್ಳದಂಚಿಗೆ ಹೋಗಿ ಇಂಬಳ ಕಚ್ಚಿಸಿಕೊಳ್ಳದೆಯೇ ತಂಬುಳಿಗೆ ಸೊಪ್ಪು ಸಿಗತೊಡಗಿತು. ನನಗೆ ಕಂಡದ್ದಿಷ್ಟು: ಕಟ್ಟೆ ಹೊಸದೇನನ್ನೂ ಬೆಳೆಸಲಿಲ್ಲ. ಗುಡ್ಡ, ಗದ್ದೆಬದು, ಹಳ್ಳ ಅಂತ ಹರಡಿಕೊಂಡಿದ್ದ ಜಾಗಗಳನ್ನು ಅಡುಗೆಮನೆ ಬಾಗಿಲಿಗೆ ತಂದಿಟ್ಟಿತು. ಆ ಜಾಗಗಳನ್ನೆಲ್ಲ ಮೊದಲೇ ನಡೆದು ಬಲ್ಲವಳು ಮನೆಯಲ್ಲಿದ್ದದ್ದಕ್ಕೆ ಅದು ಹತ್ತಿತು.

ಸುದ್ದಿ ಹರಡಿ ಊರವರು ನೋಡಲು ಬಂದರು. ಚಿಕ್ಕಪ್ಪ ಎಲ್ಲರಿಗೂ ಉತ್ಸಾಹದಿಂದ ಚಿತ್ರ ಬರೆದುಕೊಡುತ್ತಿದ್ದ. ಸಸಿ ಮಾತ್ರ ಅಜ್ಜಿಯ ಕೈಯಲ್ಲಿತ್ತು. ಕೊಡುವ ಮೊದಲು ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನಿಮ್ಮ ಬಚ್ಚಲ ನೀರು ಯಾವ ಕಡೆ ಹೋಗ್ತದೆ?" ತಡವರಿಸಿದವರನ್ನು ಕಾಫಿ ಕೊಟ್ಟು, ನೋಡಿಕೊಂಡು ಬನ್ನಿ ಅಂತ ಬರಿಗೈಯಲ್ಲೇ ಕಳಿಸುತ್ತಿದ್ದಳು.