ಗಾಲಿಮನೆಯ ತೂಬು

ನಂದಿಬೆಟ್ಟವನ್ನೂ ಅಲ್ಲಿಂದ ಮುಂದೆ ಲೇಪಾಕ್ಷಿಯನ್ನೂ ನೋಡಿಕೊಂಡು ಬರಬೇಕೆಂದು ನಾವು ಯಶವಂತಪುರದಿಂದ ಹೊರಟಾಗ, ಮೊದಲನೆಯ ರಾತ್ರಿಯನ್ನು ಯಲಹಂಕದಲ್ಲಿಯೇ ಕಳೆಯಬೇಕಾದೀತೆಂದು ಯಾರೂ ಎಣಿಸಿರಲಿಲ್ಲ. ನಾವು ಬಾಡಿಗೆಗೆ ಹಿಡಿದಿದ್ದುದು ಸಾಮಾನ್ಯವಾದ ಮೋಟಾರಲ್ಲ. ಮಲಗಲು ಮಂಚ, ಅಡಿಗೆಗೆ ಒಲೆ, ಮೂಲೆಯಲ್ಲೊಂದು ಪುಟ್ಟ ಪಾಯಿಖಾನೆ, ಎಲ್ಲವನ್ನೂ ಹೊತ್ತು ತಿರುಗುವ ಗಾಲಿಮನೆ. ಕ್ಯಾರವಾನ್ ಎಂದು ಈಗ ಕರೆಯುವುದು ಇದನ್ನೇ.

ಹೆಬ್ಬಾಳದ ಕೆರೆಯು ಕೆಂಪೇಗೌಡರ ಕಾಲದ್ದೆಂದು ಪ್ರತೀತಿ. ಆ ಊರಿನ ಹಳಮೆಯಾದರೋ ಅದಕ್ಕಿಂತಲೂ ಹಿಂದಿನದು. ೨೦೧೮ರಲ್ಲಿ ಅಲ್ಲಿ ದೊರೆತ ಕಿತ್ತಯ್ಯನೆಂಬ ವೀರನ ಕಲ್ಲು ಎಂಟನೆಯ ಶತಮಾನದ್ದು. ಇದನ್ನೆಲ್ಲ ಮಕ್ಕಳಿಗೆ ವಿವರಿಸುತ್ತ ಮೇಲುಸೇತುವೆಯನ್ನು ದಾಟುವಷ್ಟರಲ್ಲಿ, ಹಿಂದಿನಿಂದ ಬಂದ ಸ್ಕೂಟರಿನವನೊಬ್ಬನು ಮೂಗು ಮುಚ್ಚಿಕೊಂಡು, "ಸ್ವಾಮಿ, ನಿಮ್ಮ ಗಾಡಿ ಸೋರ್ತಾ ಇದೆ!" ಎಂದು ಕೂಗಿ ಮುಂದೆ ಹೋದನು. ನನ್ನ ಇತಿಹಾಸಪಾಠವು ಅಲ್ಲಿಗೆ ನಿಂತಿತು.

ಗಾಲಿಮನೆಯ ಅಡಿಯಲ್ಲಿ ಎರಡು ತೊಟ್ಟಿಗಳು. ಒಂದರಲ್ಲಿ ಪಾಯಿಖಾನೆಯ ಮಲಿನ, ಇನ್ನೊಂದರಲ್ಲಿ ಬಚ್ಚಲು ಮತ್ತು ಪಾತ್ರೆ ತೊಳೆದ ನೀರು. ಒಂದೊಂದಕ್ಕೂ ಒಂದು ಕವಾಟ. ಹಿಡಿಯನ್ನು ಎಳೆದರೆ ಒಳಗಿನ ತೆಳುವಾದ ಹಲಗೆಯು ಸರಿದು ದಾರಿ ಬಿಡುತ್ತದೆ, ದೂಡಿದರೆ ಮುಚ್ಚುತ್ತದೆ. ಹಲಗೆಯ ಎರಡು ಪಕ್ಕಗಳಲ್ಲಿಯೂ ರಬ್ಬರಿನ ಬಳೆ. ಅದರಾಚೆ ಕೊಳವೆಯ ಬಾಯಿಗೊಂದು ಮುಚ್ಚಳ. ನಮ್ಮ ಗಾಡಿಯಲ್ಲಿ ಹಿಡಿಯು ಪೂರ್ತಿಯಾಗಿ ಒಳಗೆ ಹೋಗದೆ ಅರ್ಧ ಅಂಗುಲ ಹೊರಗೇ ನಿಂತಿತ್ತು. ಮುಚ್ಚಳದ ಒಳಬಳೆಯಂತೂ ಇರಲೇ ಇಲ್ಲ. ಹಿಂದೆ ಬಾಡಿಗೆ ಹಿಡಿದವರ ಕೊಡುಗೆಯೂ ತೊಟ್ಟಿಯಲ್ಲಿ ಉಳಿದಿತ್ತು.

ಚಾಲಕನಿಗೆ ಇದೇನೂ ದೊಡ್ಡದಾಗಿ ಕಾಣಲಿಲ್ಲ. "ಕತ್ತಲಾಗಲಿ ಸಾರ್, ರಾಜಕಾಲುವೆ ಪಕ್ಕ ನಿಲ್ಲಿಸ್ತೀನಿ. ಹಿಡಿ ಎಳೆದರೆ ಐದು ನಿಮಿಷದ ಕೆಲಸ" ಎಂದನು. ಹೊತ್ತೂ ಮುಳುಗುತ್ತಿತ್ತು, ನಾತವೂ ಏರುತ್ತಿತ್ತು. ನಾನು ಆಗಲೆಂದು ಹೇಳುವುದರಲ್ಲಿದ್ದೆನೆಂಬುದನ್ನು ಮರೆಮಾಚಲಾರೆ. ನನ್ನ ಹೆಂಡತಿಯು ಮಾತ್ರ, "ಆ ಕಾಲುವೆ ಎಲ್ಲಿಗೆ ಹೋಗುತ್ತದೆಂದು ನಿಮಗೆ ತಿಳಿಯದೆ?" ಎಂದು ಕೇಳಿದಳು.

ತಿಳಿಯದೆ ಏನು! ಈ ಸೀಮೆಯ ಕೆರೆಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿದವು. ಯಲಹಂಕ, ಅಳ್ಳಾಳಸಂದ್ರಗಳ ಕೋಡಿಯ ನೀರು ಜಕ್ಕೂರು ಕೆರೆಗೆ, ಜಕ್ಕೂರಿನದು ರಾಚೇನಹಳ್ಳಿಗೆ. ಹೆಬ್ಬಾಳದ ಕಣಿವೆಯ ನೀರು ಕಡೆಗೆ ಎಲೆ ಮಲ್ಲಪ್ಪಶೆಟ್ಟಿ ಕೆರೆಯನ್ನು ಸೇರಿ ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಜಕ್ಕೂರಿನಲ್ಲಿ ಮೈಲಿಗೆನೀರನ್ನು ಯಂತ್ರಾಗಾರದಲ್ಲಿ ಶುದ್ಧಮಾಡಿ, ಜೊಂಡು ಬೆಳೆದ ಜವುಗಿನ ಮೂಲಕ ಹಾಯಿಸಿ ಕೆರೆಗೆ ಬಿಡುತ್ತಾರೆ. ಅಲ್ಲಿ ಮೀನು ಹಿಡಿದು ಬಾಳುವವರಿದ್ದಾರೆ. ಅಷ್ಟೆಲ್ಲ ಶ್ರಮಪಟ್ಟು ತೊಳೆದ ನೀರಿಗೆ ಕತ್ತಲಲ್ಲಿ ನಮ್ಮ ತೊಟ್ಟಿಯನ್ನು ಬಗ್ಗಿಸುವುದೆ? ಮುಚ್ಚಳಕ್ಕೆ ಬಟ್ಟೆ ಸುತ್ತಿ ಬಿಗಿದು, ಕೆಳಗೆ ಬಕೀಟನ್ನು ಕಟ್ಟಿ, ಗಾಡಿಯನ್ನು ಮೆಲ್ಲನೆ ಯಲಹಂಕದ ಅಕ್ಕನ ಮನೆಗೆ ನಡೆಸಿದೆವು.

"ಅಪರೂಪಕ್ಕೆ ತಮ್ಮ ಬರುತ್ತಾನೆ ಎಂದರೆ, ಊಟದ ಹೊತ್ತಿಗೆ ಎಂಥ ಸಾಮಾನು ತಂದೆಯೋ!" ಎಂದಳು ಅಕ್ಕ. ಭಾವನವರು ಆಗಲೇ ಲುಂಗಿಯನ್ನು ಎತ್ತಿ ಕಟ್ಟಿ ಗಾಡಿಯ ಕೆಳಗೆ ಇಣುಕಿದ್ದರು. ಅವರು ದೇವನಹಳ್ಳಿಯ ಕಡೆಯ ಹಳ್ಳಿಯಲ್ಲಿ ಬೆಳೆದವರು. "ಇದು ನಮ್ಮ ಕೆರೆ ತೂಬೇ ಕಣಯ್ಯ" ಎಂದರು. ಅಲ್ಲಿ ಎರಡು ಕಲ್ಲುಕಂಬಗಳ ನಡುವೆ ಅಡ್ಡಹಾಸಿನ ರಂಧ್ರದಲ್ಲಿ ಉದ್ದನೆಯ ಗಳು. ಅದರ ತುದಿಯ ಬೆಣೆಯು ತಳದ ಕಲ್ಲಿನ ತೂತಿಗೆ ಕೂರುತ್ತಿತ್ತು. ಅದು ಕೂರದಿದ್ದರೆ ನೀರಗಂಟಿಯು ಗಳುವನ್ನು ಗುದ್ದುತ್ತಿರಲಿಲ್ಲವಂತೆ. ಮೇಲೆತ್ತಿ ನೀರನ್ನು ರಭಸದಿಂದ ಹಾಯಿಸಿದರೆ, ಅಡ್ಡ ಸಿಕ್ಕಿದ ಕಸವು ತಾನಾಗಿ ಹೊರಟುಹೋಗುತ್ತಿತ್ತು.

ವಿಚಾರಿಸಲಾಗಿ ಚಾಲಕನು ಒಪ್ಪಿಕೊಂಡನು: ಹಿಂದಿನವರು ಒಂದೇ ಕಡೆ ಹಲವು ದಿನ ಬಿಡಾರ ಮಾಡಿ, ಕೊಳವೆಯನ್ನು ಗುಂಡಿಗೆ ಬಿಟ್ಟು, ಪಾಯಿಖಾನೆಯ ಕವಾಟವನ್ನು ತೆರೆದೇ ಇಟ್ಟಿದ್ದರು. ಇದಕ್ಕಿಂತ ದೊಡ್ಡ ತಪ್ಪಿಲ್ಲ. ನೀರೆಲ್ಲ ಹರಿದುಹೋಗಿ, ಗಟ್ಟಿಯಾದುದು ತಳದಲ್ಲಿ ಗುಡ್ಡೆಯಾಗಿ ಒಣಗುತ್ತದೆ. ತೊಟ್ಟಿಯು ಮುಕ್ಕಾಲಾದರೂ ತುಂಬುವವರೆಗೆ ಕವಾಟವು ಮುಚ್ಚಿರಬೇಕು. ಆಗಲೇ ಹೊರಹರಿವಿಗೆ ಬಲ.

ಆ ರಾತ್ರಿ ತೊಟ್ಟಿಗೆ ಕೊಡಗಟ್ಟಲೆ ನೀರು ಸುರಿದು ನೆನೆಯಬಿಟ್ಟೆವು. ಕವಾಟಕ್ಕೆ ಯಂತ್ರದ ಎಣ್ಣೆ ಬಿಡಲು ಹೋದ ಚಾಲಕನನ್ನು ಭಾವನವರು ತಡೆದರು. ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಬೆಳಿಗ್ಗೆ ಕೈಚೀಲ ಧರಿಸಿ, ಅಂಗಳದಲ್ಲಿದ್ದ ಮನೆಯ ಒಳಚರಂಡಿಯ ಗುಂಡಿಗೆ ಕೊಳವೆ ಹೂಡಿ, ಹಿಡಿಯನ್ನು ಒಂದೇ ಸಲಕ್ಕೆ ಎಳೆದೆವು. ಎರಡು ಸಲ ತುಂಬಿ ಬಿಟ್ಟ ಮೇಲೆ, ಬಿಳಿಯ ಒರಸುಬಟ್ಟೆಯ ತುಂಡೊಂದು ಹೊರಬಂದಿತು. ಹಲಗೆಯ ಜಾಡಿನಲ್ಲಿ ಸಿಕ್ಕಿದ್ದ ಕಳ್ಳ ಅದೇ! ಅಂಥ ಬಟ್ಟೆಗಳು ನೀರಿನಲ್ಲಿ ಕರಗುವುದಿಲ್ಲ. ಅವುಗಳನ್ನು ಪಾಯಿಖಾನೆಗೆ ಹಾಕಲೇಬಾರದು. ಕೊನೆಗೆ ಬಚ್ಚಲ ತೊಟ್ಟಿಯನ್ನು ಬಿಟ್ಟೆವು. ಈ ಕ್ರಮ ತಪ್ಪಬಾರದು, ಸಾಬೂನಿನ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ.

ಹಿಡಿಯು ಈಗ ಪೂರ್ತಿ ಒಳಗೆ ಹೋಯಿತು. ಆದರೂ ಪರೀಕ್ಷೆಗೆ ನೀರು ತುಂಬಿದರೆ ಹನಿ ನಿಲ್ಲದು. ರಬ್ಬರಿನ ಬಳೆಗಳು ಒಣಗಿ ಬಿರಿದಿದ್ದವು. ಅಕ್ಕನ ಮಗನು ಯಶವಂತಪುರಕ್ಕೆ ಹೋಗಿ, ಮೂರು ಅಂಗಡಿಗಳನ್ನು ಅಲೆದು, ಅಳತೆಗೆ ಸರಿಯಾದ ಬಳೆಗಳನ್ನೂ ಸಿಲಿಕೋನಿನ ಗ್ರೀಸನ್ನೂ ತಂದನು. ತೊಟ್ಟಿಯನ್ನು ಮತ್ತೆ ಬರಿದುಮಾಡಿ, ನಾಲ್ಕು ಬೋಲ್ಟುಗಳನ್ನು ಸಡಿಲಿಸಿ ಕವಾಟವನ್ನು ಬಿಚ್ಚಿ, ಜಾಡನ್ನು ತೊಳೆದು, ಹೊಸ ಬಳೆಗಳನ್ನು ಕೂರಿಸಿ ತೆಳ್ಳಗೆ ಸವರಿದೆವು. ತಿರುಗಿ ಬಿಗಿಯುವಾಗ ಒಂದನ್ನೇ ಪೂರ್ತಿ ತಿರುಚದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಇಲ್ಲವಾದರೆ ಬಳೆಯು ಓರೆಯಾಗಿ ಪುನಃ ಸೋರುತ್ತದೆ. ಮುಚ್ಚಳಕ್ಕೂ ಹೊಸ ಬಳೆ ಬಿದ್ದಿತು.

ಅಷ್ಟರಲ್ಲಿ ಸಂಜೆಯಾದುದರಿಂದ ಅಕ್ಕ ಹೊರಡಗೊಡಲಿಲ್ಲ. ತೊಟ್ಟಿಗೆ ನೀರು ತುಂಬಿ, ಮುಚ್ಚಳ ತೆಗೆದು, ಕೊಳವೆಯ ಬಾಯಿಯ ಕೆಳಗೆ ಹಳೆಯ ವೃತ್ತಪತ್ರಿಕೆಯನ್ನು ಹಾಸಿ ಮಲಗಿದೆವು. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಎದ್ದು ನೋಡಿದವನು ಚಾಲಕ. ಕಾಗದವು ಗರಿಗರಿಯಾಗಿಯೇ ಇತ್ತು. ಅದನ್ನು ಮಡಿಸಿ ತಂದು ಭಾವನವರಿಗೆ ತೋರಿಸಿ, ನಂದಿಯ ದಾರಿಯಲ್ಲಿ ಓದಲು ತನ್ನ ಆಸನದ ಪಕ್ಕದಲ್ಲಿಯೇ ಇಟ್ಟುಕೊಂಡನು.