ಹೊಸ ಕೈಗೆ ಮೂರು ಪೆನ್ಸಿಲ್

ಚಿತ್ರ ಬರೆಯುವುದು ಎಳೆಯರ ವಿದ್ಯೆಯೆಂಬ ಭಾವನೆ ನಮ್ಮ ಅನೇಕ ಮನೆಗಳಲ್ಲಿದೆ. ಮಗು ಗೋಡೆಯ ಮೇಲೆ ಗೀಚಿದರೆ ನಕ್ಕು ಸುಮ್ಮನಾಗುತ್ತೇವೆ. ಅದೇ ಮಗು ಹೈಸ್ಕೂಲು ಸೇರಿ ಚಿತ್ರ ಬರೆಯುತ್ತ ಕುಳಿತರೆ, ಲೆಕ್ಕ ಮಾಡೆಂದು ಗದರುತ್ತೇವೆ. ಹೀಗೆ ಅರ್ಧದಲ್ಲಿ ನಿಂತುಹೋದ ಕೈಗಳು ಎಷ್ಟೋ! ಅಂಥ ಕೈಗೆ ಅರವತ್ತು ದಾಟಿದ ಮೇಲೆ ಮತ್ತೆ ಆಸೆ ಚಿಗುರಿದರೆ ಮೊದಲು ಎದುರಾಗುವ ಪ್ರಶ್ನೆ ತೀರ ಸಣ್ಣದು: ಯಾವ ಪೆನ್ಸಿಲ್ ಕೊಳ್ಳಬೇಕು? ನಿವೃತ್ತಿಯ ನಂತರ ಈ ವಿದ್ಯೆಗೆ ಕೈಹಚ್ಚಿದ ನಾವು ಕಂಡುಕೊಂಡ ನಾಲ್ಕು ಮಾತುಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಮಡಿಕೇರಿಯ ಪುಸ್ತಕದಂಗಡಿಯಲ್ಲಿ ಚಿತ್ರದ ಪೆನ್ಸಿಲ್ ಕೇಳಿದಾಗ ಅಂಗಡಿಯವರು ಹಲವು ಬಗೆಯ ಕಟ್ಟುಗಳನ್ನು ನಮ್ಮ ಮುಂದೆ ಹರಡಿದರು. ಪ್ರತಿಯೊಂದು ಕಡ್ಡಿಯ ತುದಿಯಲ್ಲೂ ಒಂದು ಅಂಕೆ, ಒಂದು ಅಕ್ಷರ. ‘ಎಚ್’ ಎಂದರೆ ಗಡಸು, ‘ಬಿ’ ಎಂದರೆ ಕಪ್ಪು. ಎಚ್‌ನ ಹಿಂದಿನ ಅಂಕೆ ಏರಿದಷ್ಟೂ ಗೆರೆ ತೆಳ್ಳಗೆ, ಮಸುಕಾಗಿ ಬೀಳುತ್ತದೆ. ಬಿಯ ಹಿಂದಿನ ಅಂಕೆ ಏರಿದಷ್ಟೂ ಮೆತ್ತಗೆ, ದಟ್ಟವಾಗಿ ಬೀಳುತ್ತದೆ. ಶಾಲೆಯ ಮಕ್ಕಳು ಬರೆಯುವ ಎಚ್‌ಬಿ ಇವೆರಡರ ನಡುವಿನದು. ಒಂದು ಕಂಪನಿಯ 2ಬಿ ಇನ್ನೊಂದು ಕಂಪನಿಯ 2ಬಿಯಷ್ಟೇ ಕಪ್ಪಾಗಿರಬೇಕೆಂಬ ನಿಯಮವೇನೂ ಇಲ್ಲ. ಆದುದರಿಂದ ಆರಂಭದಲ್ಲಿ ಒಂದೇ ಕಂಪನಿಯ ಪೆನ್ಸಿಲ್‌ಗಳನ್ನು ಬಳಸುವುದು ಲೇಸು.

ಹಿಂದಿನವರು ಪೆನ್ಸಿಲನ್ನು ಸೀಸದ ಕಡ್ಡಿಯೆಂದು ಕರೆಯುತ್ತಿದ್ದರು. ವಾಸ್ತವದಲ್ಲಿ ಅದರೊಳಗೆ ಸೀಸವೇ ಇಲ್ಲ; ಇರುವುದು ಗ್ರಾಫೈಟ್. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಕಣಿವೆಯಲ್ಲಿ ಶುದ್ಧ ಗ್ರಾಫೈಟ್ ದೊರೆತಾಗ ಜನ ಅದನ್ನು ಸೀಸದ ಒಂದು ಬಗೆಯೆಂದು ಭಾವಿಸಿದರು. ಆ ಹೆಸರೇ ಉಳಿಯಿತು. ಮುಂದೆ ಯುದ್ಧದಿಂದಾಗಿ ಫ್ರಾನ್ಸಿಗೆ ಇಂಗ್ಲೆಂಡಿನ ಗ್ರಾಫೈಟ್ ನಿಂತುಹೋಯಿತು. ಆಗ 1795ರಲ್ಲಿ ನಿಕೊಲಾ ಕಾಂಟೆ ಎಂಬಾತನು ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ, ಹೊಸೆದು, ಗೂಡಿನಲ್ಲಿ ಸುಟ್ಟು ಕಡ್ಡಿ ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಮಣ್ಣು ಹೆಚ್ಚಾದರೆ ಕಡ್ಡಿ ಗಡಸು, ಗ್ರಾಫೈಟ್ ಹೆಚ್ಚಾದರೆ ಮೆತ್ತಗೆ. ಎಚ್, ಬಿ ಎಂಬ ಭೇದಗಳೆಲ್ಲ ಈ ಬೆರಕೆಯ ಪ್ರಮಾಣದಿಂದ ಬಂದವು. ನಮ್ಮ ಮನೆಯ ಹೆಂಚಿನಂತೆ ಪೆನ್ಸಿಲಿನ ಕಡ್ಡಿಯೂ ಬೆಂಕಿಯಲ್ಲಿ ಬೆಂದ ಮಣ್ಣಿನ ಬಂಧುವೆಂದು ತಿಳಿದಾಗ ನಮಗೆ ಬಹಳ ಸಂತೋಷವಾಯಿತು.

ಅಂದು ದೊಡ್ಡ ಕಟ್ಟನ್ನು ಬಿಟ್ಟು ಎಚ್‌ಬಿ, 2ಬಿ, 4ಬಿ ಎಂಬ ಮೂರನ್ನು ಮಾತ್ರ ಬಿಡಿಯಾಗಿ ಕೊಂಡೆವು. ಹೊಸಬರಿಗೆ ಇಷ್ಟು ಸಾಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಎಚ್‌ಬಿ ಮೊದಲ ಗೆರೆಗೆ. ಹಗುರವಾಗಿ ಎಳೆದರೆ ಗುರುತು ಉಳಿಯದಂತೆ ರಬ್ಬರಿನಿಂದ ತೆಗೆಯಬಹುದು. 2ಬಿ ರೂಪವನ್ನು ಗಟ್ಟಿಗೊಳಿಸುವುದಕ್ಕೆ. 4ಬಿ ನೆರಳಿಗೆ.

ಈ ಮೂರರ ಉಪಯೋಗವನ್ನು ಕಲಿಸಲು ಕೊಡಗಿನ ಬೆಟ್ಟಗಳಿಗಿಂತ ಉತ್ತಮ ಗುರುವಿಲ್ಲ. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿರಿ. ಹತ್ತಿರದ ಮರಗಳು ಕಡುಗಪ್ಪು, ಅದರಾಚೆಯ ಬೆಟ್ಟದ ಸಾಲು ಮಾಸಲು. ಕೊನೆಯ ಸಾಲು ಆಕಾಶವೋ ಬೆಟ್ಟವೋ ತಿಳಿಯದಷ್ಟು ತೆಳು. ಹತ್ತಿರದ್ದಕ್ಕೆ 4ಬಿ, ನಡುವಿನದಕ್ಕೆ 2ಬಿ, ದೂರದ್ದಕ್ಕೆ ಒತ್ತದೆ ಎಳೆದ ಎಚ್‌ಬಿ. ಮಂಜು ಬಂದು ಒಂದೊಂದೇ ಸಾಲನ್ನು ಅಳಿಸುವಾಗ ಕಣ್ಣಿಗೆ ಇನ್ನೊಂದು ಪಾಠ. ಊರಿನ ಮಹದೇವಪೇಟೆಯ ಕಡೆಯಿರುವ ಗದ್ದಿಗೆಯೂ ನಮಗೆ ಪಾಠಶಾಲೆಯಾಯಿತು. 1809ರಲ್ಲಿ ಗತಿಸಿದ ದೊಡ್ಡ ವೀರರಾಜೇಂದ್ರ, 1820ರಲ್ಲಿ ಗತಿಸಿದ ಲಿಂಗರಾಜೇಂದ್ರ ಎಂಬ ಹಾಲೇರಿ ಅರಸರ ಸಮಾಧಿಗಳು ಅಲ್ಲಿವೆ. ಆ ಗುಮ್ಮಟದ ಉಬ್ಬು ಗೆರೆಯಿಂದ ಮೂಡುವುದಿಲ್ಲ, ಬೆಳಕಿನಿಂದ ನೆರಳಿಗೆ ಮೆಲ್ಲನೆ ಜಾರುವ ಬಣ್ಣದಿಂದ ಮೂಡುತ್ತದೆ ಎಂಬುದು ಅಲ್ಲಿ ಕುಳಿತು ಬರೆದಾಗಲೇ ತಿಳಿಯಿತು.

ನಮ್ಮ ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಾಡಿನಲ್ಲಿ ಕಾಗದವೂ ತೇವವನ್ನು ಹೀರುತ್ತದೆ. ತೇವದ ಹಾಳೆಯ ಮೇಲೆ ಗಡಸು ಪೆನ್ಸಿಲ್ ಓಡಿಸಿದರೆ ತೋಡಿದಂತಾಗುತ್ತದೆ. ಆ ಗುಳಿಯನ್ನು ಯಾವ ರಬ್ಬರೂ ಮುಚ್ಚಲಾರದು. ಅತಿ ಮೆತ್ತಗಿನದಾದರೆ ಅಂಗೈ ತಾಗಿದಲ್ಲೆಲ್ಲ ಕಪ್ಪು ಹರಡುತ್ತದೆ. ಆದ್ದರಿಂದ ಮಳೆಗಾಲದಲ್ಲಿ 2ಬಿಯೊಂದೇ ನಮ್ಮ ಸಂಗಾತಿ. ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನಲ್ಲಿಡುತ್ತೇವೆ. ಬರೆಯುವಾಗ ಕೈಯ ಕೆಳಗೆ ಇನ್ನೊಂದು ಶುಭ್ರ ಹಾಳೆ ಹಾಸುತ್ತೇವೆ.

ಪೆನ್ಸಿಲಿನ ನಿಜವಾದ ಬೆಲೆ ನಮಗೆ ತಿಳಿದದ್ದು ಒಂದು ಮನೆಯ ಕಾರಣದಿಂದ. ಕೊಡ್ಲಿಪೇಟೆಯ ಬಳಿಯಿದ್ದ ನಮ್ಮ ಶ್ರೀಮತಿಯವರ ತೌರುಮನೆಯ ಮಣ್ಣಿನ ಗೋಡೆಗಳು 2018ರ ಆಗಸ್ಟ್ ತಿಂಗಳ ಮಹಾಮಳೆಗೆ ವಾಲಿದವು. ಮುಂದಿನ ಬೇಸಿಗೆಯಲ್ಲಿ ಅದನ್ನು ಕಳಚುವುದೆಂದು ಮನೆಯ ಹಿರಿಯರೆಲ್ಲ ಕೂಡಿ ತೀರ್ಮಾನಿಸಿದರು. ಹುಡುಗರು ಮೊಬೈಲಿನಲ್ಲಿ ಬೇಕಾದಷ್ಟು ಚಿತ್ರ ತೆಗೆದರು. ಆದರೆ ಅವುಗಳಲ್ಲಿ ಇದ್ದದ್ದು ವಾಲಿದ ಗೋಡೆ, ಹರಿದ ಟಾರ್ಪಾಲು. ಎಂಬತ್ತೈದು ದಾಟಿದ ನಮ್ಮ ಅತ್ತೆಯವರು ಮದುವೆಯಾಗಿ ಕಾಲಿಟ್ಟಾಗ ಇದ್ದ ಮನೆ ಯಾವ ಕ್ಯಾಮೆರಾಕ್ಕೂ ಸಿಗುವಂತಿರಲಿಲ್ಲ. ಅದು ಅವರ ನೆನಪಿನಲ್ಲಿ ಮಾತ್ರ ಉಳಿದಿತ್ತು. ಅದನ್ನು ಬರೆದುಕೊಡಬೇಕೆಂದು ಶ್ರೀಮತಿಯವರು ಕೇಳಿದರು.

ಅತ್ತೆಯವರ ಪಕ್ಕದಲ್ಲಿ ಹಲಗೆ ಇಟ್ಟುಕೊಂಡು ಕುಳಿತೆವು. ಅವರು ಹೇಳಿದಂತೆ ಎಚ್‌ಬಿಯಿಂದ ಹಗುರವಾಗಿ ಎಳೆಯುವುದು, ಅವರು ಬೇಡವೆಂದರೆ ಒರಸುವುದು. “ಅಳಿಯಂದಿರೇ, ಜಗಲಿಗೆ ಈಗಿರುವುದು ನಾಲ್ಕು ಕಂಬ. ಆಗ ಆರಿದ್ದವು. ಕೊನೆಯ ಕಂಬಕ್ಕೆ ಕರು ಕಟ್ಟುತ್ತಿದ್ದೆವು,” ಎಂದರು. ಎರಡು ಕಂಬ ಎದ್ದು ನಿಂತವು. ಬಾಗಿಲ ಬಲಕ್ಕೆ ದೀಪದ ಗೂಡು, ಹಿತ್ತಿಲ ಬದಿಗೆ ಒರಳುಕಲ್ಲು, ಅದರ ಪಕ್ಕ ನುಗ್ಗೆಯ ಮರ ಬಂದವು. ದೃಷ್ಟಿ ಮಂದವಾಗಿದ್ದ ಅವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, “ಗೂಡಿನ ಮೇಲೆ ಹೊಗೆಯ ಕರೆ ಇತ್ತು. ಅದನ್ನೂ ಬರೆಯಿರಿ. ದಿನವೂ ದೀಪ ಹಚ್ಚಿದ ಮನೆಯೆಂದು ತಿಳಿಯಬೇಡವೇ?” ಎಂದರು. ಆ ಕರೆಗಾಗಿಯೇ 4ಬಿಯನ್ನು ಕೈಗೆತ್ತಿಕೊಂಡೆವು.

ತಮ್ಮ ಮಕ್ಕಳಿಗೂ ಹೇಳದ ಎಷ್ಟೋ ಸಂಗತಿಗಳನ್ನು ಆ ಬೇಸಿಗೆಯಲ್ಲಿ ಅವರು ಹೇಳಿದರು. ಕೇಳುವವರ ಕೈಯಲ್ಲಿ ಒರಸಬಹುದಾದ ಗೆರೆಯಿದ್ದುದೇ ಅದಕ್ಕೆ ಕಾರಣವೆಂದು ನಮ್ಮ ನಂಬಿಕೆ. 2021ರಲ್ಲಿ ಅವರು ಲಿಂಗೈಕ್ಯರಾದರು. ಆ ಚಿತ್ರದ ನೆರಳಚ್ಚು ಪ್ರತಿ ಇಂದು ಅವರ ಮಕ್ಕಳೆಲ್ಲರ ಮನೆಗಳಲ್ಲಿದೆ. ಮಹಾಕಲಾವಿದನ ಕೈಯ ಚಿತ್ರವಲ್ಲ ಅದು. ಆದರೂ ಜಗಲಿಗೆ ಆರು ಕಂಬಗಳಿದ್ದವೆಂಬುದಕ್ಕೆ ಅದೊಂದೇ ಸಾಕ್ಷಿ. ಮಸಿಯ ಬರಹ ನೀರು ತಾಗಿದರೆ ಹರಡೀತು, ಬಿಸಿಲಿಗೆ ಮಾಸೀತು. ಗ್ರಾಫೈಟ್ ನೀರಿಗೆ ಕರಗುವುದಿಲ್ಲ, ಬೆಳಕಿಗೆ ಬಣ್ಣಗೆಡುವುದಿಲ್ಲ. ತಿಕ್ಕದೆ ಕಾಪಾಡಿದರೆ ತಲೆಮಾರು ದಾಟುತ್ತದೆ. ಮಳೆಯ ನಾಡಿನವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಇನ್ನು ಕೆಲವು ಸಣ್ಣ ಮಾತು. ಪೆನ್ಸಿಲನ್ನು ನೆಲಕ್ಕೆ ಬೀಳಿಸಬಾರದು; ಹೊರಗೆ ಮರ ಸರಿಯಾಗಿ ಕಂಡರೂ ಒಳಗಿನ ಕಡ್ಡಿ ತುಂಡಾಗಿರುತ್ತದೆ, ಆಮೇಲೆ ಹೆರೆದಷ್ಟೂ ಮುರಿಯುತ್ತದೆ. 4ಬಿಯಂಥ ಮೆತ್ತಗಿನದನ್ನು ಮೆಂಡರಿಗಿಂತ ಬ್ಲೇಡಿನಿಂದ ನಿಧಾನವಾಗಿ ಹೆರೆಯುವುದು ಒಳ್ಳೆಯದು. ಆದರೆ ಮಕ್ಕಳ ಕೈಗೆ ಬ್ಲೇಡು ಕೊಡಬಾರದು. ನೆರಳು ತುಂಬುವಾಗ ಪೆನ್ಸಿಲನ್ನು ಓರೆಯಾಗಿ ಹಿಡಿಯಬೇಕು. ಹೊಸ ಪೆನ್ಸಿಲ್ ಕೊಂಡ ದಿನವೇ ಒಂದು ಹಾಳೆಯಲ್ಲಿ ಮೂರು ಚೌಕ ಬರೆದು, ಒಂದೊಂದರಲ್ಲೂ ಒಂದೊಂದು ಪೆನ್ಸಿಲಿನ ತೆಳುವಿನಿಂದ ದಟ್ಟದವರೆಗಿನ ಛಾಯೆಗಳನ್ನು ತುಂಬಿ ಗೋಡೆಗೆ ಅಂಟಿಸಿಕೊಳ್ಳಬೇಕು. ಮೂರೂ ಚೆನ್ನಾಗಿ ಪಳಗಿದ ಮೇಲೆ ನಾಲ್ಕನೆಯದರ ಯೋಚನೆ ಮಾಡಿದರಾಯಿತು.

ಈ ವಿದ್ಯೆಗೆ ದೊಡ್ಡ ಖರ್ಚಿಲ್ಲ, ವಯಸ್ಸಿನ ತಡೆಯಿಲ್ಲ. ಪ್ರತಿಯೊಂದು ಮನೆಯಲ್ಲೂ ಒಬ್ಬ ಹಿರಿಯರ ನೆನಪಿನಲ್ಲಿ ಯಾರೂ ಬರೆಯದ ಒಂದು ಅಂಗಳ, ಒಂದು ಬಾವಿಕಟ್ಟೆ, ಒಂದು ಮುಖ ಉಳಿದಿರುತ್ತದೆ. ರಜೆಯ ದಿನ ಮನೆಯ ಮಕ್ಕಳ ಕೈಗೊಂದು ಎಚ್‌ಬಿ ಪೆನ್ಸಿಲ್ ಕೊಟ್ಟು ಆ ಹಿರಿಯರ ಬಳಿ ಕೂರಿಸಿರಿ. ಗೆರೆ ಸೊಟ್ಟಗಾದರೆ ಒರಸಿ ಬರೆಯಬಹುದು. ಹಿರಿಯರು ಹೇಳುವುದನ್ನು ಮಾತ್ರ ಅವರಿರುವಾಗಲೇ ಕೇಳಬೇಕು.