ಲಾಡಿ ಕಟ್ಟುವ ಜಾಗ

ಕಳೆದ ಮಾಘದಲ್ಲಿ ಕೊಳ್ಳೇಗಾಲದ ಹತ್ತಿರದ ಒಂದು ಹಳ್ಳಿಯಲ್ಲಿ ರಾತ್ರಿಯಿಡೀ ಕೂತು ನೀಲಗಾರರ ಮಂಟೇಸ್ವಾಮಿ ಕಾವ್ಯವನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಹಾಸ್ಟೆಲಿಗೆ ವಾಪಸು ಬಂದು, ಕಿವಿಗೆ ಹೆಡ್‌ಫೋನ್ ಹಾಕಿ ಅದನ್ನು ಬರಹಕ್ಕೆ ಇಳಿಸತೊಡಗಿದಾಗ ತಂಬೂರಿ, ಗಗ್ಗರ, ಡಕ್ಕೆಗಳ ನಡುವೆ ಇನ್ನೊಂದು ಸದ್ದು ಕೇಳಿಸಿತು. ಗಾಯಕರು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಗುಳುಗುಳು ಎನ್ನುವ ಸಣ್ಣ ಸದ್ದು. ಮೊದಲು ಯಂತ್ರದ ದೋಷ ಅಂದುಕೊಂಡೆ. ಮೂರನೇ ಸಲ ಕೇಳಿದಾಗ ಗೊತ್ತಾಯಿತು, ಅದು ನನ್ನ ಹೊಟ್ಟೆಯದು. ರೆಕಾರ್ಡರ್ ನನ್ನ ತೊಡೆಯ ಮೇಲಿತ್ತು. ಅದಕ್ಕೆ ಒಂದು ಗೇಣು ಮೇಲೆ ನನ್ನ ಸ್ಟೋಮಾ ಇತ್ತು.

ಸ್ಟೋಮಾ ಎಂದರೆ ಗ್ರೀಕಿನಲ್ಲಿ ಬಾಯಿ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅಲ್ಸರೇಟಿವ್ ಕೊಲೈಟಿಸ್ ವಿಪರೀತಕ್ಕೆ ಹೋಗಿ, ಒಂದು ರಾತ್ರಿ ತುರ್ತಾಗಿ ನನ್ನ ದೊಡ್ಡ ಕರುಳನ್ನು ತೆಗೆದುಹಾಕಿದರು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಭಾಗದಿಂದ ಹೊರಗೆ ತಂದು ಹೊಲಿದರು. ಇದಕ್ಕೆ ಇಲಿಯಾಸ್ಟಮಿ ಎನ್ನುತ್ತಾರೆ. ನೋಡಲು ಕೆನ್ನೆಯ ಒಳಭಾಗದ ಹಾಗೆ ಕೆಂಪಗೆ, ಒದ್ದೆಯಾಗಿ ಇರುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ. ಬಾಯಿ ಎಂದು ಕರೆದರೂ ಅದಕ್ಕೆ ಮುಚ್ಚಿಕೊಳ್ಳಲು ಬರುವುದಿಲ್ಲ. ಬೇಕೆಂದಾಗ ಬಿಡುವುದು, ಬೇಡವೆಂದಾಗ ತಡೆಯುವುದು ಎಂಬ ಸ್ನಾಯು ಅಲ್ಲಿಲ್ಲ. ಹಾಗಾಗಿ ಹಗಲೂ ರಾತ್ರಿ ಅದರ ಮೇಲೊಂದು ಚೀಲ ಇರಲೇಬೇಕು.

ಮೊದಲೇ ನಿಗದಿಯಾದ ಆಪರೇಷನ್ ಆದರೆ ನರ್ಸ್ ಹಿಂದಿನ ದಿನ ಬಂದು ನಿಮ್ಮನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ, ಹೊಟ್ಟೆ ಎಲ್ಲಿ ಮಡಿಕೆ ಬೀಳುತ್ತದೆ, ಸೀರೆಯನ್ನೋ ಪ್ಯಾಂಟನ್ನೋ ಎಲ್ಲಿ ಕಟ್ಟುತ್ತೀರಿ ಎಂದು ಕೇಳಿ, ಅದನ್ನು ತಪ್ಪಿಸಿ ಇಂಕಿನಲ್ಲಿ ಗುರುತು ಹಾಕುತ್ತಾರೆ. ಮಧ್ಯರಾತ್ರಿ ಜೀವ ಉಳಿಸುವ ಅವಸರದಲ್ಲಿ ಆ ಗುರುತು ಹಾಕಲು ಯಾರಿಗೂ ಪುರುಸೊತ್ತು ಇರಲಿಲ್ಲ. ನನ್ನ ಸ್ಟೋಮಾ ಬಂದು ಕೂತದ್ದು ಸರಿಯಾಗಿ ಲಂಗದ ಲಾಡಿ ಕಟ್ಟುವ ಜಾಗದಲ್ಲಿ. ಇದರ ಬಗ್ಗೆ ನನಗೆ ದೂರಿಲ್ಲ, ಬದುಕಿದ್ದೇನೆ. ಆದರೆ ಆಮೇಲಿನ ಎರಡು ವರ್ಷ ನಾನು ಕಲಿತದ್ದೆಲ್ಲ ಈ ಎರಡು ಇಂಚು ಹೆಚ್ಚುಕಮ್ಮಿಯಿಂದ.

ಆಸ್ಪತ್ರೆಯಿಂದ ಕೊಟ್ಟ ಚೀಲಗಳು ಹತ್ತು ದಿನಕ್ಕೆ ಮುಗಿದವು. ಅಪ್ಪ ಊರಿನಿಂದ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಿ, ನಾಲ್ಕು ಮೆಡಿಕಲ್ ಶಾಪು ಸುತ್ತಿ, ಮೂವತ್ತು ಚೀಲದ ಒಂದು ಪೆಟ್ಟಿಗೆ ಹೊತ್ತು ತಂದರು. ಅಂಗಡಿಯವನು 'ಸ್ಟೋಮಾ ಬ್ಯಾಗ್ ಅಂದ್ರೆ ಇದೇ' ಅಂದನಂತೆ. ಬಿಚ್ಚಿ ನೋಡಿದರೆ ಕೆಳಗೆ ಬಾಯಿಯೇ ಇಲ್ಲದ ಚೀಲ. ಇಂಥವು ದೊಡ್ಡ ಕರುಳಿನ ಕೊನೆಯ ಭಾಗದಿಂದ ಸ್ಟೋಮಾ ಮಾಡಿದವರಿಗೆ ಸರಿ. ಅವರದ್ದು ಗಟ್ಟಿ, ದಿನಕ್ಕೆ ಒಂದೆರಡು ಸಲ. ತುಂಬಿದ ಮೇಲೆ ಇಡೀ ಚೀಲ ತೆಗೆದು ಎಸೆಯಬಹುದು. ನನ್ನದು ಗಂಜಿಯ ಹಾಗೆ ಹರಿಯುವಂಥದ್ದು. ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡದಿದ್ದರೆ ಭಾರಕ್ಕೆ ಅಂಟು ಕಿತ್ತುಬರುತ್ತದೆ. ದಿನಕ್ಕೆ ಆರೇಳು ಸಲ ಖಾಲಿ ಮಾಡಬೇಕು. ಅದಕ್ಕೆ ಕೆಳತುದಿ ತೆರೆದು ಮಡಚಿ ಮುಚ್ಚುವ ಚೀಲವೇ ಬೇಕು. ಅಪ್ಪನಿಗೆ ಹೇಳಲು ನಾಲಿಗೆ ಏಳಲಿಲ್ಲ. ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಪೆಟ್ಟಿಗೆ ಅಟ್ಟ ಸೇರಿತು.

ಚೀಲದಲ್ಲಿ ಎರಡು ಜಾತಿ. ಒಂದರಲ್ಲಿ ಚರ್ಮಕ್ಕೆ ಅಂಟುವ ಬಿಲ್ಲೆಯೂ ಚೀಲವೂ ಒಂದೇ ತುಂಡು. ಇನ್ನೊಂದರಲ್ಲಿ ಬಿಲ್ಲೆ ಬೇರೆ, ಚೀಲ ಬೇರೆ. ಟಿಫಿನ್ ಡಬ್ಬಿಯ ಮುಚ್ಚಳದ ಹಾಗೆ ಚೀಲವನ್ನು ಬಿಲ್ಲೆಯ ಉಂಗುರಕ್ಕೆ ಟಕ್ ಎಂದು ಕೂರಿಸಬೇಕು. ಎರಡು ತುಂಡಿನದ್ದರಲ್ಲಿ ಬಿಲ್ಲೆಯನ್ನು ಮೂರ್ನಾಲ್ಕು ದಿನ ಹಾಗೆಯೇ ಬಿಟ್ಟು ಚೀಲವನ್ನಷ್ಟೇ ಬದಲಿಸಬಹುದು, ಚರ್ಮಕ್ಕೆ ಹಿಂಸೆ ಕಡಿಮೆ. ಉಂಗುರಕ್ಕೆ 57 ಮಿಲಿಮೀಟರ್, 70 ಮಿಲಿಮೀಟರ್ ಎಂದು ಅಳತೆಗಳಿವೆ. ಒಂದು ಕಂಪನಿಯ ಚೀಲ ಇನ್ನೊಂದರ ಬಿಲ್ಲೆಗೆ ಕೂರುತ್ತದೆ ಎಂದು ನಂಬುವಂತಿಲ್ಲ. ಎಲ್ಲರೂ ನನಗೆ ಎರಡು ತುಂಡಿನದ್ದನ್ನೇ ಹೇಳಿದರು. ಆದರೆ ನನ್ನ ಲಾಡಿ ಸರಿಯಾಗಿ ಆ ಗಟ್ಟಿ ಉಂಗುರದ ಮೇಲೆಯೇ ಬರುತ್ತಿತ್ತು. ಒಂದು ಸೆಮಿನಾರಿನಲ್ಲಿ ಪ್ರಬಂಧ ಓದುತ್ತಿದ್ದಾಗ ಕೆಳಗೆ ಬಿದ್ದ ಹಾಳೆ ಎತ್ತಲು ಬಗ್ಗಿದೆ, ಟಕ್ ಎಂದಿತು. ಉಳಿದ ನಾಲ್ಕು ಪುಟವನ್ನು ಎಡಗೈಯಲ್ಲಿ ಹೊಟ್ಟೆ ಒತ್ತಿಹಿಡಿದು ಓದಿ ಮುಗಿಸಿದೆ. ಸೀರೆ ಹಾಳಾಯಿತು. ಪ್ರಬಂಧ ಚೆನ್ನಾಗಿತ್ತು ಎಂದು ಒಬ್ಬರು ಹೇಳಿದರು, ಅವರು ಹತ್ತಿರ ಬರುವ ಮೊದಲೇ ನಾನು ಹೊರಟೆ.

ಸೋರುವುದಕ್ಕೆ ಚೀಲವೊಂದೇ ಕಾರಣ ಅಲ್ಲ ಎಂದು ತಿಳಿಯಲು ಇನ್ನೂ ಸಮಯ ಹಿಡಿಯಿತು. ಆಪರೇಷನ್ ಆದ ಮೊದಲ ಆರೆಂಟು ವಾರ ಸ್ಟೋಮಾ ಬಾವು ಇಳಿದು ಸಣ್ಣದಾಗುತ್ತ ಹೋಗುತ್ತದೆ. ನಾನು ಮಾತ್ರ ಆಸ್ಪತ್ರೆಯಲ್ಲಿ ಕತ್ತರಿಸಿಕೊಟ್ಟ ಅಳತೆಯಲ್ಲೇ ಬಿಲ್ಲೆಗೆ ತೂತು ಮಾಡುತ್ತಿದ್ದೆ. ಸ್ಟೋಮಾಕ್ಕೂ ತೂತಿನ ಅಂಚಿಗೂ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಸಂದು ಬಿಡಬಾರದು. ಸಣ್ಣ ಕರುಳಿನಿಂದ ಬರುವುದರಲ್ಲಿ ಜೀರ್ಣರಸ ಇನ್ನೂ ಕೆಲಸ ಮಾಡುತ್ತಿರುತ್ತದೆ. ಚರ್ಮ ಸಿಕ್ಕರೆ ಅದನ್ನೂ ಅನ್ನದ ಹಾಗೆಯೇ ಅರಗಿಸತೊಡಗುತ್ತದೆ. ನನ್ನ ಹೊಟ್ಟೆಯ ಮೇಲೆ ಸುಟ್ಟ ಗಾಯದಂಥ ಕೆಂಪು ಬಳೆ ಎದ್ದಿತು. ಅಮ್ಮ ಕಣ್ಣೀರು ಹಾಕುತ್ತ ಕೊಬ್ಬರಿ ಎಣ್ಣೆ ಸವರಿದಳು. ನಮ್ಮ ಮನೆಯಲ್ಲಿ ಅದಕ್ಕೆ ವಾಸಿಯಾಗದ ಗಾಯವೇ ಇಲ್ಲ. ಎಣ್ಣೆಯ ಮೇಲೆ ಬಿಲ್ಲೆ ಅಂಟಲಿಲ್ಲ. ಅಂಟದ್ದಕ್ಕೆ ಸೋರಿತು, ಸೋರಿದ್ದಕ್ಕೆ ಗಾಯ ಹೆಚ್ಚಿತು, ಹೆಚ್ಚಿದ್ದಕ್ಕೆ ಅಮ್ಮ ಮತ್ತೆ ಎಣ್ಣೆ ಸವರಿದಳು. ಬರೀ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸ್ಟೋಮಾ ಪೌಡರ್ ಉದುರಿಸಿ ಹೆಚ್ಚಾದದ್ದನ್ನು ಕೊಡವಿ, ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಅಂಟಿಸಿ, ಮೇಲೆ ಕೆಲವು ನಿಮಿಷ ಕೈ ಇಟ್ಟು ಮಲಗಬೇಕು ಎಂದು ಹೇಳಿಕೊಟ್ಟದ್ದು ದೊಡ್ಡ ಆಸ್ಪತ್ರೆಯೊಂದರ ಸ್ಟೋಮಾ ನರ್ಸ್. ನನ್ನ ಲಾಡಿಯ ಗೆರೆ ನೋಡಿ ಉಂಗುರವಿಲ್ಲದ, ಮೆತ್ತಗಿನ ಒಂದೇ ತುಂಡಿನ ಚೀಲ ಕೊಟ್ಟವರೂ ಅವರೇ. 'ಬೇರೆಯವರಿಗೆ ಒಳ್ಳೇದು ನಿಮಗೆ ಒಳ್ಳೇದಲ್ಲ. ನಿಮ್ಮ ಹೊಟ್ಟೆ ಏನು ಹೇಳುತ್ತೋ ಅದು' ಅಂದರು. ನಾನು ಲಾಡಿಯನ್ನು ಬಿಟ್ಟು ಅಗಲವಾದ ಎಲಾಸ್ಟಿಕ್ ಪಟ್ಟಿಗೆ ಬಂದೆ. ಸೋರುವುದು ವಾರಕ್ಕೆ ನಾಲ್ಕು ಸಲದಿಂದ ತಿಂಗಳಿಗೊಮ್ಮೆಗೆ ಇಳಿಯಿತು. ಏಪ್ರಿಲ್ ಬಿಸಿಲಲ್ಲಿ ಬೆವರಿಗೆ ಅಂಟು ಬಿಡುವುದು ಮಾತ್ರ ಈಗಲೂ ಇದೆ.

ಹುಡುಕಿ ಓದುವುದೇ ನನ್ನ ಉದ್ಯೋಗವಾದ್ದರಿಂದ ಈ ಚೀಲದ ಚರಿತ್ರೆಯನ್ನೂ ಓದಿದೆ. 1954ರಲ್ಲಿ ಡೆನ್ಮಾರ್ಕಿನ ಎಲಿಸ್ ಸೋರೆನ್ಸನ್ ಎಂಬ ನರ್ಸ್, ಆಪರೇಷನ್ ಆದ ತನ್ನ ತಂಗಿ ಸೋರುವ ಭಯಕ್ಕೆ ಮನೆಯಿಂದ ಹೊರಗೇ ಹೋಗದಿರುವುದನ್ನು ನೋಡಿ, ಚರ್ಮಕ್ಕೆ ಅಂಟುವ, ಬಳಸಿ ಎಸೆಯುವ ಚೀಲವನ್ನು ಯೋಚಿಸಿದಳು. ಅದನ್ನು ತಯಾರಿಸಲು ಒಪ್ಪಿದ ಪ್ಲಾಸ್ಟಿಕ್ ಕಾರ್ಖಾನೆಯಿಂದ ಮುಂದೆ 1957ರಲ್ಲಿ ಕೊಲೊಪ್ಲಾಸ್ಟ್ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ರೂಪರ್ಟ್ ಟರ್ನ್‌ಬುಲ್ ಎಂಬ ಸರ್ಜನ್, ಕರಾಯ ಎಂಬ ಮರದ ಅಂಟು ಸ್ಟೋಮಾದ ಸುತ್ತಲಿನ ಚರ್ಮವನ್ನು ಕಾಪಾಡುತ್ತದೆ ಎಂದು ಕಂಡುಕೊಂಡರು. ಕರಾಯ ಬರುವುದು ಹೆಚ್ಚಾಗಿ ನಮ್ಮ ದೇಶದ ಒಣ ಕಾಡುಗಳಿಂದ. ಆಂಧ್ರ, ಮಧ್ಯಪ್ರದೇಶಗಳ ಆದಿವಾಸಿಗಳು ಮರಕ್ಕೆ ಗಾಯ ಮಾಡಿ, ಒಸರಿದ್ದನ್ನು ಒಣಗಿಸಿ ಮಾರುತ್ತಾರೆ. ಈಗಿನ ಬಿಲ್ಲೆಗಳಲ್ಲಿ ಹೆಚ್ಚಾಗಿ ಬೇರೆ ಪದಾರ್ಥಗಳಿವೆ. ಆದರೂ ಓದಿದ ದಿನ, ಇಲ್ಲಿಂದ ಅಷ್ಟು ದೂರ ಹೋಗಿ ಎಷ್ಟೋ ಜನರನ್ನು ಮನೆಯಿಂದ ಹೊರಗೆ ಹೊರಡಿಸಿದ ಆ ಅಂಟು ನಮ್ಮ ಅಟ್ಟದ ತನಕ ಬರಲು ಮಾತ್ರ ಅಪ್ಪ ನಾಲ್ಕು ಅಂಗಡಿ ಸುತ್ತಬೇಕಾಯಿತಲ್ಲ ಅನ್ನಿಸಿತು.

ಈಗ ತಿಂಗಳಿಗೆ ಚೀಲಕ್ಕೇ ಮೂರೂವರೆ ಸಾವಿರದ ಆಸುಪಾಸು ಹೋಗುತ್ತದೆ. ಫೆಲೋಶಿಪ್ ಬರುವುದು ತಡವಾದ ತಿಂಗಳಲ್ಲಿ ನಾಲ್ಕು ದಿನದ ಚೀಲವನ್ನು ಆರು ದಿನಕ್ಕೆ ಎಳೆಯುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ, ಸ್ಟೋಮಾ ಅದರಲ್ಲಿಲ್ಲ. ಅಮ್ಮನ ಪಟ್ಟಿಯಲ್ಲೂ ಇಲ್ಲ. ನೆಂಟರು ಕೇಳಿದರೆ 'ಅವಳಿಗೆ ಸ್ವಲ್ಪ ಗ್ಯಾಸ್ಟ್ರಿಕ್ಕು' ಅನ್ನುತ್ತಾಳೆ. ಊರಿಗೆ ಹೋದಾಗ ದೇವರ ಮನೆಗೆ ನಾನೇ ಹೋಗುವುದಿಲ್ಲ. ಬರಬೇಡ ಎಂದು ಯಾರೂ ಹೇಳಿಲ್ಲ, ಬಾ ಎಂದೂ ಹೇಳಿಲ್ಲ.

ಮತ್ತೆ ಕೊಳ್ಳೇಗಾಲದ ಆ ರಾತ್ರಿಗೆ ಬರುತ್ತೇನೆ. ಗಾಯಕರ ಮನೆಯಲ್ಲಿ ಊಟಕ್ಕೆ ಮುದ್ದೆ, ಸೊಪ್ಪಿನ ಸಾರು. ನನಗೆ ಆಸ್ಪತ್ರೆಯವರು ಹೇಳಿರುವ ಮೊದಲ ಪಾಠ, ಏನನ್ನೂ ಅಗಿಯದೆ ನುಂಗಬಾರದು. ನಾರು, ಕಾಯಿಚೂರು, ಕಡಲೆಕಾಯಿ ಸಿಕ್ಕಿಹಾಕಿಕೊಂಡರೆ ಕರುಳು ಕಟ್ಟುತ್ತದೆ. ನಾನು ಸೊಪ್ಪನ್ನೂ ಅದರ ಜೊತೆ ಮುದ್ದೆಯನ್ನೂ ಅಗಿಯುತ್ತಿದ್ದೆ. ಮನೆಯ ಯಜಮಾನಿ ನಕ್ಕಳು. 'ಮುದ್ದೆನ ಅಗಿದಾರಾ ಮಗಾ?' ಸುಳ್ಳು ಹೇಳಲು ಒಂದು ನಿಮಿಷ ಯೋಚಿಸಿದೆ. ರಾತ್ರಿ ಎರಡು ಸಲವಾದರೂ ಹಿತ್ತಲಿಗೆ ಹೋಗಬೇಕಿತ್ತು, ನೀರು ಬೇಕಿತ್ತು. ಹೇಳಿಬಿಟ್ಟೆ. ಅವಳು ಕೇಳಿದ್ದು ಒಂದೇ ಪ್ರಶ್ನೆ, 'ನೋವಾಯ್ತದಾ?' ಇಲ್ಲ ಅಂದೆ. ಆಮೇಲೆ ಹಿತ್ತಲಿನ ಕಕ್ಕಸಿನಲ್ಲಿ ಒಂದು ಬಲ್ಬು ಹಾಕಿಸಿ, ಒಂದು ಬಕೆಟ್ ನೀರು ಇಟ್ಟು, ಹಾಡು ಕೇಳಲು ಬಂದು ಕೂತಳು.

ಕುಷ್ಠ ಹಿಡಿದ ಮೈಯಲ್ಲಿ, ನೊಣ ಮುತ್ತಿಸಿಕೊಂಡು, ನಾರುತ್ತ ಕಲ್ಯಾಣಕ್ಕೆ ಬಂದ ಮಂಟೇಸ್ವಾಮಿಯನ್ನು ಬಾಗಿಲಲ್ಲೇ ತಡೆಯುವ ಭಾಗವನ್ನು ಅವರು ಹಾಡಿದಾಗ ನಾನು ಹಿತ್ತಲಿನಲ್ಲಿದ್ದೆ. ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯ ಆ ಭಾಗದ ಮೇಲಿದೆ. ರೆಕಾರ್ಡರನ್ನು ಚಾಪೆಯ ಮೇಲೆ ಬಿಟ್ಟು ಹೋಗಿದ್ದರಿಂದ ಅಷ್ಟು ಹೊತ್ತು ಮಾತ್ರ ಗುಳುಗುಳು ಇಲ್ಲದ ಶುದ್ಧ ಧ್ವನಿ ಸಿಕ್ಕಿದೆ.

ಈಗ ಡಾಕ್ಟರು ಇನ್ನೊಂದು ದಾರಿ ಹೇಳುತ್ತಿದ್ದಾರೆ. ಸಣ್ಣ ಕರುಳಿನಿಂದಲೇ ಒಳಗೊಂದು ಚೀಲ ಹೊಲಿದು ಕೆಳಗೆ ಜೋಡಿಸಬಹುದು, ಆಗ ಹೊರಗಿನದ್ದು ಬೇಕಾಗುವುದಿಲ್ಲ. ಇನ್ನೂ ಎರಡು ಆಪರೇಷನ್ ಬೇಕು. ಆಮೇಲೂ ದಿನಕ್ಕೆ ಐದಾರು ಸಲ ಹೋಗಬೇಕಾದೀತು, ಒಳಚೀಲಕ್ಕೆ ಉರಿಯೂತ ಬರುವುದೂ ಇದೆ. ಅಮ್ಮನಿಗೆ ಮದುವೆಗೆ ಮೊದಲೇ ಆಗಬೇಕು. ನನಗೆ ಮೂರು ಅಧ್ಯಾಯ ಉಳಿದಿವೆ. ಆಗಲಿ ಅಂತಲೂ ಹೇಳಿಲ್ಲ, ಬೇಡ ಅಂತಲೂ ಹೇಳಿಲ್ಲ. ಒಂದೊಂದು ದಿನ, ಇಷ್ಟು ಕಷ್ಟಪಟ್ಟು ಕಲಿತದ್ದನ್ನು ಬಿಡಲು ಮನಸ್ಸಿಲ್ಲವೋ, ಮತ್ತೆ ಆ ಟೇಬಲ್ಲಿನ ಮೇಲೆ ಮಲಗಲು ಹೆದರಿಕೆಯೋ ನನಗೇ ಬಿಡಿಸಿ ಹೇಳಲು ಬರುವುದಿಲ್ಲ.

ಕಳೆದ ತಿಂಗಳು ಸ್ಟೋಮಾ ನರ್ಸ್ ಫೋನು ಮಾಡಿದ್ದರು. ನಮ್ಮ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರಿಗೆ ಕೊಲಾಸ್ಟಮಿ ಆಗಿದೆ, ಮುಚ್ಚಿದ ತುದಿಯ ಚೀಲ ಎಲ್ಲೂ ಸಿಗುತ್ತಿಲ್ಲ ಎಂದು. ಅಟ್ಟದಿಂದ ಪೆಟ್ಟಿಗೆ ಇಳಿಸಿ ಅಪ್ಪನೇ ತಾರೀಕು ನೋಡಿದರು, ಅವಧಿ ಇನ್ನೂ ಇತ್ತು. ಧೂಳು ಒರೆಸಿ, ಟವೆಲಿನಲ್ಲಿ ಸುತ್ತಿ ಬಸ್ಸು ಹತ್ತಿದರು. ಸಂಜೆ ಬಂದು ಚಪ್ಪಲಿ ಬಿಡುತ್ತ, 'ಅವರಿಗೆ ಸರಿಯಾಗಿ ಕೂತಿತು ಕಣಮ್ಮ' ಅಂದರು. ಮೂರು ವರ್ಷದಿಂದ ಆ ಪೆಟ್ಟಿಗೆಯ ವಿಷಯವನ್ನು ನಮ್ಮಿಬ್ಬರಲ್ಲಿ ಯಾರೂ ಎತ್ತಿರಲಿಲ್ಲ.